ಚಾಂದನಿಯ ಎಡಗಿವಿ

ಎಡಗಿವಿ ನನ್ನ ಕಡೆಗೇ ಇದೆ, ಬಲಗಿವಿ ಮರ್ಫಾ ನಗಾರಿ ಬಡಿಯುವವರ ಕಡೆ, ಹಾಗಿದ್ದರೆ ಪರವಾಗಿಲ್ಲ, ಎಡಗಿವಿ ನನ್ನ ಕಡೆ ಇರುವ ತನಕ ಈ ಬಿಳಿ ಕುದುರೆ ಚಾಂದನಿ ಬೆದರುವುದಿಲ್ಲ, ಬೆದರಿರುವವನು ಅವಳ ಬೆನ್ನ ಮೇಲೆ ಕೂತ ಮದುಮಗ, ಸೂರಜ್ ಅಂತೆ ಹೆಸರು, ಶೇರವಾನಿಯೊಳಗೆ ಬೆವೆತು ಎರಡೂ ಕೈಯಲ್ಲಿ ಜೂಲು ಹಿಡಿದು ಜಗ್ಗುತ್ತಿದ್ದಾನೆ, ಸಡಿಲ ಬಿಡ್ರಿ ಅಣ್ಣಾರ, ಆಕಿಗಿ ನೋವಾಗಾಕತ್ತೈತಿ ಅಂದರೆ ಕನ್ನಡ ತಿಳಿಯದೆ ಹಲ್ಲು ಕಿರಿಯುತ್ತಾನೆ — ಮಟಮಟ ಮಧ್ಯಾಹ್ನ, ದಿಲ್‌ಸುಖ್‌ನಗರದ ಡಾಂಬರು ನನ್ನ ಚಪ್ಪಲಿಯನ್ನೇ ಸುಡುತ್ತಿದೆ, ಇನ್ನು ಅವಳ ಗೊರಸಿಗೆ ಹೇಗಾಗಿರಬೇಡ, ಕೋಚಿಂಗ್ ಸೆಂಟರಿನ ಮೆಟ್ಟಿಲ ತುಂಬ ಹುಡುಗರು ಮೊಬೈಲ್ ಎತ್ತಿಕೊಂಡು ನಿಂತಿದ್ದಾರೆ, ಮದುವೆ ಅಂದರೆ ಊರಿನವರಿಗೆಲ್ಲ ಹುಚ್ಚು ಹಿಡಿಯುತ್ತದೆ, ಅಗೋ ಪಟಾಕಿ ಸರವನ್ನು ಹೊಟ್ಟೆಯ ಕೆಳಗೇ ಎಸೆದರು ಮುಂಡೇಮಕ್ಕಳು, ಸಿಡಿಯಿತು, ಒಂದು ಕಿಡಿ ಅವಳ ತೊಡೆಗೆ ತಾಗಿ ಕೂದಲು ಕಮರಿತು, ಚರ್ಮ ಕುತ್ತಿಗೆಯಿಂದ ಬಾಲದ ತನಕ ನಡುಗಿತು, ನನ್ನ ಅಂಗೈ ಅವಳ ಕುತ್ತಿಗೆಯ ಮೇಲೆ, ನಿಲ್ಲವ್ವಾ, ನಾ ಅದೀನಿ, ನಿಂತಳು. ಇಷ್ಟು ದೊಡ್ಡ ಜೀವ ನನ್ನ ಒಂದು ಅಂಗೈಗೆ ನಿಂತಿತು, ನನಗೆ ಹೆಮ್ಮೆ, ಯಾಕೆ ಇರಬಾರದು.

ಹೀಗೆ ನಿಲ್ಲುವುದನ್ನು ಕಲಿಸಿದ್ದು ನಾನು, ಬಂಡೆಮ್ಮ, ಮಲ್ಲು ಅಲ್ಲ, ನನ್ನ ಗಂಡ ಮಲ್ಲು ಕಲಿಸಿದ್ದು ಕುಣಿತ — ಕಾಲಿಗೆ ಹಗ್ಗ ಬಿಗಿದು, ಬಾಯಿಗೆ ಮುಳ್ಳಿನ ಕಡಿವಾಣ ತುರುಕಿ, ಮರ್ಫಾದ ಒಂದೊಂದು ಏಟಿಗೂ ಮೊಣಕಾಲಿಗೆ ಒಂದೊಂದು ಚಾಬೂಕು, ನಾಲಿಗೆ ಸೀಳಿ ಕೆಂಪು ನೊರೆ ಎದೆಯ ಮೇಲೆ ಇಳಿಯುವ ತನಕ, ಆಮೇಲೆ ಮರ್ಫಾ ಕೇಳಿದರೆ ಸಾಕು ತಾನೇ ಕಾಲೆತ್ತುತ್ತಿದ್ದಳು, ಜನ ಆಹಾ ಎಂಥಾ ಕುಣಿತ ಅನ್ನುತ್ತಿದ್ದರು, ಅವರ ಕಣ್ಣಿಗಿಷ್ಟು ಮಣ್ಣು ಬೀಳಲಿ. ಅವಳ ಬಾಯಿಗೆ ಅರಿಶಿನದ ನೀರು ಹಾಕಿದೆನೆಂದು ಅದೇ ಚಾಬೂಕಿನ ಹಿಡಿಯಿಂದ ನನ್ನ ಮಣಿಕಟ್ಟು ಮುರಿದ, ಮೂಳೆ ಲಟಕ್ಕೆಂದದ್ದು ನನಗೇ ಕೇಳಿಸಿತು, ಯಾದಗಿರಿಯಿಂದ ಅವ್ವ ಫೋನಿನಲ್ಲಿ ಅಂದಳು, ಸುಮ್ಮ ನಿಂದ್ರಬೇಕವ್ವ, ನಿಂತ್ರ ಹೊಡಿಯೋ ಕೈ ತಾನ ಸೋಲತೈತಿ, ನಿಂತೆ, ವರ್ಷಗಟ್ಟಲೆ ನಿಂತೆ, ಎಲ್ಲಿ ಸೋತಿತು ಅವನ ಕೈ, ಕೊನೆಗೆ ಒಂದು ದಿನ ಅವನೇ ಯಾವಳನ್ನೋ ಕಟ್ಟಿಕೊಂಡು ಸೊಲ್ಲಾಪುರಕ್ಕೆ ಹೋದ, ಪೀಡೆ ತೊಲಗಿತು ಅಂತ ನಾನು ಲಾಯಕ್ಕೆ ನೀರು ಹೊಡೆದು ತೊಳೆದೆ.

ಕುದುರೆಯ ಮಾಲೀಕ ವೈಜನಾಥ ಸಾವ್ಕಾರ್ರು, ಸುಲ್ತಾನ್ ಬಜಾರಿನಲ್ಲಿ ಅವರ ಬಟ್ಟೆ ಅಂಗಡಿ, ಬೇರೆಯವನು ಸಿಗೋ ತನಕ ನೀನ ನೋಡ್ಕೋ ಬಂಡೆಮ್ಮ ಅಂದರು, ನೋಡಿಕೊಳ್ಳೋಣವೆಂದು ಹತ್ತಿರ ಹೋದರೆ ಎರಡೂ ಕಿವಿ ಹಿಂದಕ್ಕೆ ಮಡಚಿ ಪಕ್ಕೆಗೆ ಒದ್ದಳು ಮಹಾರಾಯ್ತಿ, ನಾನು ಹೊದ್ದದ್ದು ಮಲ್ಲುವಿನ ಕಂಬಳಿ, ಅವಳಿಗೆ ಆ ವಾಸನೆ ಸಾಕಿತ್ತು, ನನಗೂ ಸಾಕಾಗಿತ್ತು, ಕಂಬಳಿ ಸುಟ್ಟೆ, ಮುಳ್ಳಿನ ಕಡಿವಾಣವನ್ನು ಮೋರಿಗೆ ಎಸೆದೆ. ಮಡಿಲಲ್ಲಿ ಜೋಳ ಇಟ್ಟುಕೊಂಡು ಅವಳಿಗೆ ಬೆನ್ನು ಕೊಟ್ಟು ಕೂತೆ, ದಿನಾ ಕೂತೆ, ಕರೆಯಲಿಲ್ಲ, ತಿರುಗಿ ನೋಡಲಿಲ್ಲ, ಒಂದು ಸಂಜೆ ಕತ್ತಿನ ಹಿಂದೆ ಬಿಸಿ ಉಸಿರು ಬಂತು, ಆಮೇಲೆ ಮೂಗು, ಆಮೇಲೆ ಆ ಭಾರದ ತಲೆ ಪೂರ್ತಿಯಾಗಿ ನನ್ನ ಹೆಗಲ ಮೇಲೆ, ಅತ್ತೆ, ನಾಚಿಕೆ ಬಿಟ್ಟು ಅತ್ತೆ, ಮನುಷ್ಯರು ಯಾರೂ ನನ್ನ ಹೆಗಲಿಗೆ ಹಾಗೆ ಒರಗಿರಲಿಲ್ಲ. ಆಮೇಲೆ ಮಲ್ಕಾಜ್‌ಗಿರಿಯ ರೈಲು ಹಳಿಯ ಪಕ್ಕದ ಬಯಲು, ಬೆಳ್ಳಂಬೆಳಿಗ್ಗೆ, ಜೀನಿಲ್ಲ ಲಗಾಮಿಲ್ಲ, ಸೀರೆ ಕಚ್ಚೆ ಹಾಕಿ ಹತ್ತಿದರೆ ರೈಲ್ವೆ ಕ್ವಾರ್ಟರ್ಸಿನ ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡರು, ನಾನು ಎಡಕ್ಕೆ ನೋಡಿದರೆ ಅವಳು ಎಡಕ್ಕೆ, ನಾನು ಉಸಿರು ಬಿಟ್ಟರೆ ಅವಳ ನಡೆ ನಿಧಾನ, ರೈಲು ದಡದಡ ಬಂದಾಗ ಕುತ್ತಿಗೆಯ ಮೇಲೆ ಅಂಗೈ ಇಟ್ಟು ನಿಲ್ಲವ್ವಾ ಅಂದರೆ ಮುಗಿಯಿತು, ಇಡೀ ರೈಲು ಹಾದುಹೋಗಲಿ, ಎಡಗಿವಿ ನನ್ನ ಕಡೆ, ಆಮೇಲೆ ಮರ್ಫಾ ಬಡಿದರೂ ಕಾಲೆತ್ತುವುದು ಬಿಟ್ಟಳು. ಒಂದು ದಿನವೂ ಈ ಕೈ ಅವಳ ಮೇಲೆ ಏಳಲಿಲ್ಲ, ಏಳುವುದೂ ಇಲ್ಲ ಅಂತ ಅವಳ ಕಿವಿಯಲ್ಲೇ ಹೇಳಿದ್ದೆ.

ಛತ್ರದ ಗೇಟು ಬಂತು, ಮದುಮಗ ಇಳಿದ, ಇಳಿದದ್ದಲ್ಲ ಜಾರಿಬಿದ್ದ, ಮುಗಿಯಿತು ಅಂದುಕೊಂಡರೆ ಅವನ ಗೆಳೆಯರು ಸುತ್ತ ನಿಂತುಬಿಟ್ಟರು, ಘೋಡಿ ನಾಚತೀಚ್ ನೈ ಕ್ಯಾ, ಕುಣಿಸು ಕುಣಿಸು, ಮರ್ಫಾ ಜೋರಾಯಿತು, ಕುಣಿಯೋ ಕುದುರೆ ಅಲ್ಲರೀ ಇದು ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ವೈಜನಾಥ ಸಾವ್ಕಾರ್ರು ಮುಂದೆ ಬಂದು, ಕುಣೀಲಾರದ ಕುದುರಿ ಯಾವ ಮದುವಿಗಿ ಬೇಕು ಬಂಡೆಮ್ಮ, ಅದಕ್ಕ ಸೊಲ್ಲಾಪುರದಿಂದ ಮಲ್ಲೂನ್ನ ಕರಸೀನಿ, ಇನ್ನ ಮ್ಯಾಲ ಅವನ ನೋಡ್ಕೋತಾನ, ಅಂದರು. ಅವರ ಬೆನ್ನ ಹಿಂದೆ ಮಲ್ಲು, ಅದೇ ಗುಟ್ಕಾ ಬಾಯಿ, ಅದೇ ಚಾಬೂಕು, ಇನ್ನೊಂದು ಕೈಯಲ್ಲಿ ಹೊಸ ಕಡಿವಾಣ, ಅದರ ಮುಳ್ಳುಗಳು ಬಿಸಿಲಿಗೆ ಮಿಂಚುತ್ತಿವೆ, ನನ್ನ ಮಣಿಕಟ್ಟು ತಾನಾಗಿ ನೋಯತೊಡಗಿತು, ಚಾಂದನಿ ಬಲಗಿವಿ ಮಡಚಿದಳು, ಎಡಗಿವಿ ಮಾತ್ರ ನನ್ನ ಕಡೆ, ಏನು ಮಾಡಲಿ ಅಂತ ಕೇಳುತ್ತಿದ್ದಾಳೆ, ನನ್ನ ಅಂಗೈ ರೂಢಿಯ ಮೇಲೆ ಅವಳ ಕುತ್ತಿಗೆಗೆ ಹೋಯಿತು, ಚಾಬೂಕು ಮೊಣಕಾಲಿಗೆ ಬಿತ್ತು.

ಕಾಲೆತ್ತಲಿಲ್ಲ ಅವಳು, ಕುಣಿಯಲಿಲ್ಲ, ಒದೆಯಲಿಲ್ಲ, ನಿಂತಳು, ಇನ್ನೊಂದು ಬಿತ್ತು, ಚರ್ಮ ಬಿರಿಯಿತು, ಮತ್ತೊಂದು, ಬಿಳಿ ಕಾಲ ಮೇಲೆ ರಕ್ತ ಇಳಿದು ಗೊರಸಿಗೆ ಬಂತು, ಜನ ಸೀಟಿ ಹೊಡೆಯುತ್ತಿದ್ದಾರೆ, ಅವಳು ನಿಂತೇ ಇದ್ದಾಳೆ, ಯಾಕಂದರೆ ನನ್ನ ಅಂಗೈ ಅವಳ ಕುತ್ತಿಗೆಯ ಮೇಲಿದೆ — ಸುಮ್ಮ ನಿಂದ್ರಬೇಕವ್ವ — ಅಯ್ಯೋ ನಾನು ಕಲಿಸಿದ್ದು ಇದೇನಾ, ಅವ್ವ ನನಗೆ ಕಲಿಸಿದ್ದನ್ನೇ ಜೋಳ ತಿನ್ನಿಸಿ ಮುದ್ದು ಮಾಡಿ ಇವಳಿಗೆ ಕಲಿಸಿದೆನಾ, ಕೈ ತೆಗೆದೆ, ಮಲ್ಲುವಿನ ಮೇಲೆ ಬಿದ್ದೆ, ಅವನ ಕೈ ಕಚ್ಚಿದೆ, ಬಾಯಿ ತುಂಬ ಅವನ ಉಪ್ಪು ರಕ್ತ, ಮೊಣಕೈಯಿಂದ ನನ್ನ ದವಡೆಗೆ ಗುದ್ದಿದ, ಹಲ್ಲೊಂದು ಅಲುಗಾಡಿತು, ಬಿಡಲಿಲ್ಲ ನಾನು, ಇಬ್ಬರೂ ಡಾಂಬರಿನ ಮೇಲೆ ಉರುಳಿದೆವು, ಚಾಬೂಕು ಆ ಕಡೆ ಬಿತ್ತು, ನಾನು ಮೊದಲು ಎದ್ದು ಚಾಂದನಿಯ ಮೋರೆಯ ಹಗ್ಗ ಕಳಚಿದೆ, ಓಡು, ಓಡವ್ವಾ ಓಡು — ಅವಳು ನಿಂತಿದ್ದಾಳೆ, ಆ ಮಾತು ಅವಳಿಗೆ ಗೊತ್ತಿಲ್ಲ, ನಾನು ಯಾವತ್ತೂ ಹೇಳಿಕೊಟ್ಟಿಲ್ಲ, ಮಲ್ಲು ಎದ್ದ, ಏ ಬಂಡಿ, ಇವತ್ತ ನಿನ್ನ ಮುಗಸ್ತೀನಿ, ಕಡಿವಾಣ ಹಿಡಿದು ಬರುತ್ತಿದ್ದಾನೆ, ಅವಳು ಇನ್ನೂ ನಿಂತಿದ್ದಾಳೆ, ಎಡಗಿವಿ ನನ್ನ ಕಡೆ, ಹೋಗೇ ಹೋಗು, ಚಾಬೂಕು ನನ್ನ ಕೈಗೆ ಸಿಕ್ಕಿತು, ಎತ್ತಿದೆ, ಈ ಕೈ, ಇದೇ ಕೈ, ಇದ್ದ ಶಕ್ತಿಯನ್ನೆಲ್ಲ ಹಾಕಿ ಅವಳ ಹಿಂದೊಡೆಗೆ ಬಾರಿಸಿದೆ, ತಿರುಗಿ ನೋಡಿದಳು, ಒಂದೇ ಸಲ, ಎಡಗಿವಿ ನಿಧಾನವಾಗಿ ಹಿಂದಕ್ಕೆ ಮಡಚಿ ಕುತ್ತಿಗೆಗೆ ಅಂಟಿತು, ಮಲ್ಲುವಿನ ಆ ಕಂಬಳಿಗೆ ಮಡಚುತ್ತಿದ್ದ ಹಾಗೇ, ಆಮೇಲೆ ಓಡಿದಳು, ಜನರನ್ನು ತಳ್ಳಿ ಮರ್ಫಾದವರನ್ನು ಕೆಡವಿ ಮೆಟ್ರೋ ಕಂಬಗಳ ನಡುವೆ ಬೆಳ್ಳಗೆ ಓಡಿದಳು, ಇನ್ನು ಯಾರ ಕೈಗೂ ಸಿಗಲಿಕ್ಕಿಲ್ಲ, ನನ್ನ ಕೈಗೂ — ಮಲ್ಲು ಒದೆಯುತ್ತಿದ್ದಾನೆ, ಪಕ್ಕೆಗೆ, ಹೊಟ್ಟೆಗೆ, ಒದೆಯಲಿ, ಅದು ದೂರದಲ್ಲೆಲ್ಲೋ ಯಾರಿಗೋ ಬೀಳುತ್ತಿದೆ, ಕಣ್ಣು ಮುಚ್ಚಿದರೂ ಆ ಕಿವಿ, ನನ್ನ ಕೈಗೆ ಮಡಚಿದ ಎಡಗಿವಿ, ಆ ಎಡಗಿವಿ