ಹತ್ತಿಸಬೇಡಿ

ಸಿಹಿ ವಾಸನೆ, ಉಗುರುಬಣ್ಣ ಅಳಿಸುವ ದ್ರಾವಣದ ಹಾಗೆ ಮೂಗಿಗೆ ಚುರುಕ್ಕೆನ್ನುವ ಸಿಹಿ, ಗೋದಾಮಿನ ಬಾಗಿಲಲ್ಲಿ ಒಂದು ಕ್ಷಣ ಬಂದು ಹೋಯಿತು, ಹೋಯಿತೆಂದರೆ ಎಲ್ಲಿಗೆ ಹೋದೀತು, ಜೋಸ್ಲಿನ್‌ಳ ಗಂಟಲಲ್ಲೇ ಕೂತಿದೆ, ಅವಳು ಕಚೇರಿಗೆ ಮರಳಿ ಕುರ್ಚಿಯಲ್ಲಿ ಕೂತ ಮೇಲೂ ಇದೆ — ಯಾರೋ ಹುಡುಗಿ ಉಗುರು ಒರೆಸಿಕೊಂಡಿರಬೇಕು, ಗೋದಾಮಿನಲ್ಲಿ ಯಾವ ಹುಡುಗಿ, ಪಿಯಾರ್ಕೋ ವಿಮಾನ ನಿಲ್ದಾಣದ ಈ ಮೂಲೆಗೆ ಹೆಂಗಸರು ಅಂತ ಬರುವುದು ತಾನು, ಬಿಟ್ಟರೆ ವಿಮಾನ ಹಾರಿಸುವ ಕ್ಯಾಪ್ಟನ್ ಯೊನೆಟ್, ಅಷ್ಟೆ. ವಾಸನೆ ಬಂದದ್ದು ಕ್ಲೈಡನ ಪೆಟ್ಟಿಗೆಗಳಿಂದ. ಚಾಗುವಾನಸ್‌ನಲ್ಲಿ ಫೋನ್ ರಿಪೇರಿ ಅಂಗಡಿ ಇಟ್ಟಿರುವ ಕ್ಲೈಡ್, ಕಡಲಾಚೆ ಗ್ರೆನಡಾ ದ್ವೀಪದಲ್ಲಿರುವ ತಮ್ಮನಿಗೆ ಕಳಿಸುತ್ತಿರುವ ಪೆಟ್ಟಿಗೆಗಳು, ಒಳಗೇನಿದೆ ಅಂದರೆ ಫೋನ್ ಕವರು, ಹಾಗಂತ ಬರೆದವಳು ಅವಳೇ. ಯಾವ ಪೆಟ್ಟಿಗೆಯಲ್ಲಿ ಏನಿದೆ, ಯಾರಿಂದ ಯಾರಿಗೆ, ತೂಕವೆಷ್ಟು, ಎಲ್ಲವನ್ನೂ ಸರಕು ವಿಮಾನಕ್ಕೆ ಏರುವ ಮೊದಲೇ ಆಚೆ ದ್ವೀಪದ ಕಸ್ಟಮ್ಸ್‌ನವರಿಗೆ ತಿಳಿಸುವುದು ಅವಳ ಕೆಲಸ, ಅವರಿಗೆ ಪೆಟ್ಟಿಗೆ ಕಾಣುವುದಿಲ್ಲ, ಅವಳ ಮಾತಷ್ಟೇ ಕಾಣುತ್ತದೆ, ಆ ಮಾತು ನಂಬಿ ಅವರು ಹೂಂ ಅಂದಿದ್ದಾರೆ. ತೂಕ ನೋಡಿದಾಗಲೇ ಬೆರಳು ತಡೆದಿತ್ತು, ಪ್ಲಾಸ್ಟಿಕ್ ಕವರು ಇಷ್ಟು ಭಾರವೇ, ಕೇಳಿದ್ದಕ್ಕೆ ಯಜಮಾನ ಅಲೇನ್ ನಕ್ಕುಬಿಟ್ಟಿದ್ದ, ಕವರ್ ಅಂತಾನೇ ಹಾಕಮ್ಮ ಜೋಸ್, ಕ್ಲೈಡ್ ಹೇಳಿದ್ದು ಅದನ್ನೇ, ನಾವೇನು ಪೆಟ್ಟಿಗೆಯೊಳಗೆ ಹೊಕ್ಕು ನೋಡ್ಕೊಂಡು ಬರೋಕಾಗುತ್ತಾ. ಹಾಕಿದಳು. ಆದರೆ ಈ ವಾಸನೆ ಅವಳಿಗೆ ಗೊತ್ತು, ಅರೀಮಾದ ಅಕ್ಕನ ಮನೆ, ದಿಂಬಿನಡಿಯ ಹಳೇ ಫೋನ್ ಉಬ್ಬಿಕೊಂಡು ಮೊದಲು ಹೀಗೇ ಸಿಹಿಯಾಗಿ ನಾರಿತ್ತು, ಆಮೇಲೆ ಬೇಳೆಗೆ ಒಗ್ಗರಣೆ ಕೊಟ್ಟ ಹಾಗೆ ಚುರ್ ಅಂತ ಒಂದು ಸದ್ದು, ಅಕ್ಕ ಮಗುವನ್ನು ಎತ್ತಿಕೊಂಡು ಹೊಸಿಲು ದಾಟುವುದರೊಳಗೆ ಹಾಸಿಗೆಯೇ ಇರಲಿಲ್ಲ. ಅದು ಒಂದೇ ಒಂದು ಫೋನ್. ಒಂದು ಪೆಟ್ಟಿಗೆ ತುಂಬ ಅಂಥ ಬ್ಯಾಟರಿ ಇದ್ದರೆ, ಕೆಳಗೆ ಬರೀ ಸಮುದ್ರ —

ಸರ್, ಅವು ಕವರ್ ಅಲ್ಲ ಅನ್ಸುತ್ತೆ, ಹಳೇ ಬ್ಯಾಟರಿ ಇರ್ಬೇಕು, ಅಂದಳು, ದನಿ ತನ್ನದಲ್ಲ ಎಂಬಂತೆ ಹೊರಟಿತು. ಅಲೇನ್ ಫೋನಿನಿಂದ ತಲೆ ಎತ್ತಲಿಲ್ಲ, ತೆರೆದು ನೋಡಿದ್ಯಾ, ಇಲ್ಲ ಸರ್, ಮತ್ತೆ, ವಾಸನೆ ಬಂತು ಸರ್, ಆಗ ಎತ್ತಿದ, ವಾಸನೆಗೆಲ್ಲ ವಿಮಾನ ನಿಲ್ಲಿಸ್ತಾ ಕೂತ್ರೆ ಈ ಕಂಪನಿಗೆ ಬೀಗ ಹಾಕ್ಬೇಕಾಗುತ್ತೆ, ಮೊದ್ಲು ಕವರ್ ಅಂತ ಬರ್ದು ಈಗ ಬ್ಯಾಟರಿ ಅಂತ ತಿದ್ದಿದ್ರೆ ಸುಳ್ಳು ಬರ್ದೋಳು ಯಾರು ಅಂತ ಕೇಳ್ತಾರೆ, ಆಗ ಯಾರ ಹೆಸ್ರು ಹೇಳ್ತೀಯ. ತನ್ನ ಹೆಸರು. ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಇದೆಯಲ್ಲ, ಜೋಸ್ಲಿನ್ ಬಾತಿಸ್ತ್, ಪೊಲೀಸರು ಓದುತ್ತಾರೆ, ಇನ್ನೆಲ್ಲೂ ಕೆಲಸ ಸಿಗುವುದಿಲ್ಲ, ಪೆಟ್ಟಿಗೆ ತೆರೆದಾಗ ನಿಜವಾಗಿಯೂ ಕವರುಗಳೇ ಇದ್ದರೆ ಗೋದಾಮಿನವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ನಗಲಿ, ಕವರೇ ಇರಲಿ ದೇವರೇ — ಕಿಟಕಿಯಾಚೆ ಪುಟ್ಟ ವಿಮಾನ, ಸರಕು ಹೇರುವ ಟೆರೆನ್ಸ್ ಗಾಡಿ ತಳ್ಳುತ್ತಿದ್ದಾನೆ, ಮೇಲಿರುವವು ಕ್ಲೈಡನ ಪೆಟ್ಟಿಗೆಗಳೇ. ಬೆಳಿಗ್ಗೆ ಗೇಟಿನ ಬಳಿ ಯೊನೆಟ್ ನಿಂತಲ್ಲೇ ಡಬಲ್ಸ್ ತಿನ್ನುತ್ತಿದ್ದಳು, ಮೆತ್ತನೆ ರೊಟ್ಟಿಗಳ ನಡುವಿನ ಕಡಲೆ ಸೋರದಂತೆ ಕಾಗದ ಮಡಚಿಕೊಂಡು, ಹುಣಸೆ ಚಟ್ನಿ ಮೆತ್ತಿದ ಹೆಬ್ಬೆರಳು ನೆಕ್ಕಿಕೊಂಡು, ಟ್ಯಾಂಟಿ, ಈವತ್ತು ಮಾರೋನು ಖಾರ ಜಾಸ್ತಿ ಸುರಿದ್ಬಿಟ್ಟ, ಗ್ರೆನಡಾ ತನಕ ಉರ್ಕೊಂಡೇ ಹೋಗ್ಬೇಕು ನಾನು. ಇಬ್ಬರೂ ನಕ್ಕಿದ್ದರು. ರಕ್ತಸಂಬಂಧವಿಲ್ಲ, ಆದರೂ ಟ್ಯಾಂಟಿ ಅನ್ನುತ್ತಾಳೆ, ಚಿಕ್ಕಮ್ಮನನ್ನು ಕರೆಯುವ ಹಾಗೆ. ಉರ್ಕೊಂಡೇ. ಬೆರಳುಗಳು ಆಗಲೇ ಕೀಲಿಗಳ ಮೇಲೆ ಓಡುತ್ತಿದ್ದವು, ಕವರು ಎಂಬುದನ್ನು ಅಳಿಸಿ ಲಿಥಿಯಂ ಬ್ಯಾಟರಿ, ಬಳಸಿದ್ದು, ಕೆಟ್ಟಿರುವ ಸಂಶಯ, ವಾಸನೆ ಬರುತ್ತಿದೆ, ಕಳಿಸಿದಳು, ಅಲೇನ್ ಹಿಂದೆ ಬಂದು ನಿಂತದ್ದು ಅವನ ಉಸಿರಿನಿಂದ ಗೊತ್ತಾಯಿತು, ಏನ್ ಮಾಡ್ಬಿಟ್ಟೆ ಜೋಸ್. ಪರದೆ ಸುಮ್ಮನಿದೆ. ಇನ್ನೂ ಸುಮ್ಮನಿದೆ. ಆಚೆ ದ್ವೀಪದಲ್ಲಿ ಯಾರೋ ಕಾಫಿಗೆ ಎದ್ದು ಹೋಗಿರಬಹುದು, ಯಾರೂ ಓದದಿದ್ದರೆ, ಓದಿಯೂ ನಂಬದಿದ್ದರೆ, ನಂಬಲೇಕೆ, ಆಗಲೇ ಒಂದು ಸುಳ್ಳು ಕಳಿಸಿದವಳು — ವಿಮಾನದ ಬಾಗಿಲು ಮುಚ್ಚಿತು, ಒಂದು ಪಂಖ ನಿಧಾನ ತಿರುಗತೊಡಗಿತು, ಆಗ ಬಂತು, ಕೆಂಪಕ್ಷರದಲ್ಲಿ, ಹತ್ತಿಸಬೇಡಿ.

ವಿಮಾನಕ್ಕೆ ಹತ್ತಿಸಿ ಆಗಿದೆಯಲ್ಲ. ಅಲೇನ್ ಅವಳ ತೋಳು ಹಿಡಿದ, ಇರು, ನಾನು ಅವ್ರ ಜೊತೆ ಮಾತಾಡ್ತೀನಿ, ಮಾತಾಡುವಷ್ಟರಲ್ಲಿ ವಿಮಾನ ಕಡಲ ಮೇಲಿರುತ್ತದೆ, ಕೊಸರಿಕೊಂಡಳು, ಚಪ್ಪಲಿ ಒಂದು ಬಾಗಿಲಲ್ಲೇ ಉಳಿಯಿತು, ಕಾದ ಕಾಂಕ್ರೀಟು, ಪಂಖದ ಗಾಳಿ ಮುಖಕ್ಕೆ ರಾಚುತ್ತಿದೆ, ಎರಡೂ ಕೈ ತಲೆಯ ಮೇಲೆತ್ತಿ ಅಡ್ಡಡ್ಡ ಹಿಡಿದಿದ್ದಾಳೆ, ಕೂಗುತ್ತಿದ್ದಾಳೆ, ತನ್ನ ಕೂಗು ತನಗೇ ಕೇಳುತ್ತಿಲ್ಲ, ಗಾಜಿನಾಚೆ ಯೊನೆಟ್‌ಳ ಮುಖ ನಗುವುದಕ್ಕೆ ಹೊರಟು ಅರ್ಧದಲ್ಲೇ ನಿಂತಿತು. ಪಂಖವೂ ನಿಂತಿತು. ಪೆಟ್ಟಿಗೆಗಳನ್ನು ಇಳಿಸಿ ದೂರಕ್ಕೆ ಒಯ್ದು ಬಯಲಿನಲ್ಲಿಟ್ಟರು, ಏನೂ ಆಗಲಿಲ್ಲ, ಬಿಸಿಲು, ಟೇಪು, ಕಂದು ರಟ್ಟು, ಅಲೇನ್ ಏದುಸಿರು ಬಿಡುತ್ತಾ ಬಂದು ನೋಡಿದ್ರಾ, ನೋಡಿದ್ರಾ ಅನ್ನುತ್ತಿದ್ದಾನೆ, ಎಲ್ಲರ ಕಣ್ಣೂ ಅವಳ ಒಂಟಿ ಚಪ್ಪಲಿಯ ಮೇಲೆ, ನಾನೇ ತಪ್ಪಿದೆನೇ, ಹಾಗಾದರೆ ಎಲ್ಲ ಮುಗಿಯಿತು — ಟೆರೆನ್ಸ್ ಟೇಪು ಕೊಯ್ದು ರಟ್ಟು ಸರಿಸಿದ, ಥಟ್ಟನೆ ಹಿಂದಕ್ಕೆ ಹಾರಿದ. ಮೇಲೆ ಒಂದು ಪದರ ಕವರು. ಅದರಡಿ ಬ್ಯಾಟರಿಗಳು, ಹಪ್ಪಳದಂತೆ ಉಬ್ಬಿದವು, ಒಂದಕ್ಕೊಂದು ಒತ್ತಿಕೊಂಡು, ಒಂದರ ಅಂಚಿನಿಂದ ನೂಲೆಳೆಯಷ್ಟು ಹೊಗೆ, ಆಮೇಲೆ ಚುರ್ ಎಂಬ ಸದ್ದು, ಎಲ್ಲರೂ ಓಡಿದರು, ಬೆಂಕಿ ಅವರ ಬೆನ್ನ ಹಿಂದೆ ಎದ್ದಿತು, ಬಯಲಿನಲ್ಲಿ, ಯಾರೂ ಇಲ್ಲದ ಕಡೆ. ಆರಿಸುವವರು ಬಂದರು, ಆರಿಸಿದರು, ಇಲ್ಲಿನ ಕಸ್ಟಮ್ಸ್‌ನವರೂ ಬಂದು ಕವರ್ ಅಂತ ಬರ್ದಿದ್ದು ಯಾರು ಅಂದರು, ಅಲೇನ್ ನೆಲ ನೋಡಿದ, ನಾನೇ ಸರ್ ಅಂದಳು, ತಿದ್ದಿದ್ದು ಯಾರು ಅಂದರು, ಅದೂ ನಾನೇ. ಬರೆದುಕೊಂಡರು, ನಾಳೆ ಬಂದು ಹೇಳಿಕೆ ಕೊಡಿ ಅಂದರು, ಯಜಮಾನರೂ ಬರ್ಲಿ ಅಂದರು, ಇನ್ನೂ ಏನೋ ಕೇಳುತ್ತಿದ್ದಾರೆ, ಕೇಳಿಸುತ್ತಿಲ್ಲ, ಅವಳು ನೋಡುತ್ತಿರುವುದು ವಿಮಾನದ ತೆರೆದ ಬಾಗಿಲನ್ನು, ಅಲ್ಲಿ ಯೊನೆಟ್ ಮಂಡಿಯೂರಿದ್ದಾಳೆ, ಆ ಪೆಟ್ಟಿಗೆ ಇದ್ದ ಜಾಗದಲ್ಲಿ ನೆಲಕ್ಕೆ ಅಂಗೈ ಊರಿದಳು, ಬಿಸಿ ತಾಕಿತೇನೋ, ಸರಕ್ಕನೆ ತೆಗೆದಳು, ಆ ಅಂಗೈಯನ್ನು ತನ್ನ ಕಣ್ಣೆದುರು ಹಿಡಿದುಕೊಂಡಳು, ಎಷ್ಟು ಹೊತ್ತಾದರೂ ಕೆಳಗಿಳಿಸಲಿಲ್ಲ, ಬೇರೆಲ್ಲಿ ನೋಡಿದರೂ ಅದೇ, ಆ ಅಂಗೈ, ಬಿಚ್ಚಿದ ಬೆರಳುಗಳು, ಆ ಅಂಗೈ —