ಭಾವನ ಕೋವಿಗೆ ತೋಟೆ

ವಲೇರಿಯನ್ ಡಿಮೆಲ್ಲೊ ಅವರಿಗೆ ಕೈಗೆ ಬಂದದ್ದನ್ನೆಲ್ಲ ತೂಗಿ ನೋಡುವ ಚಾಳಿ. ಮದುವೆಮನೆಯಲ್ಲಿ ಲಾಡು ಕೊಟ್ಟರೂ ಅಂಗೈಯಲ್ಲಿ ಒಮ್ಮೆ ಏರಿಳಿಸಿ, ಹುಬ್ಬು ಗಂಟಿಕ್ಕಿ, ಆಮೇಲೆಯೇ ಬಾಯಿಗಿಡುತ್ತಿದ್ದರು. ನೈರೋಬಿಯ ಹರ್ಲಿಂಗ್‌ಹ್ಯಾಮ್ ಬಡಾವಣೆಯಲ್ಲಿ ಅವರ ಔಷಧದಂಗಡಿ. ನಡಿಗೆಯೂ ತುಂಬಿದ ಸೀಸೆ ಹಿಡಿದವನ ನಡಿಗೆಯೇ. ಆ ಊರಿನಲ್ಲಿ ನನಗಿದ್ದ ಸ್ನೇಹಿತರಲ್ಲಿ ಅಷ್ಟು ಶುದ್ಧಾಂತಃಕರಣದ, ಅಷ್ಟೇ ತಲೆ ತಿನ್ನುವ ಮನುಷ್ಯ ಇನ್ನೊಬ್ಬರಿರಲಿಲ್ಲ.

ಭಾನುವಾರ ಇಗರ್ಜಿಯಿಂದ ಬಂದವರೇ ಅಂಗಡಿಯ ಬಿಳಿ ಕೋಟನ್ನು ತೊಟ್ಟು ಗ್ಯಾರೇಜಿನ ಮೇಜಿನ ಮುಂದೆ ಕೂರುವರು. ಹಾರಿಸಿ ಖಾಲಿಯಾದ ಹಿತ್ತಾಳೆಯ ತೋಟೆಗಳನ್ನು ಒರೆಸಿ, ಅಚ್ಚಿನಲ್ಲಿ ಒತ್ತಿ ಆಕಾರಕ್ಕೆ ತಂದು, ಔಷಧದ ತಕ್ಕಡಿಯಲ್ಲಿ ಸಿಡಿಮದ್ದಿನ ಪುಡಿಯನ್ನು ಕಣಕಣವಾಗಿ ತೂಗಿ ತುಂಬಿ, ಮೇಲೆ ಗುಂಡು ಕೂರಿಸುವುದು ಅವರ ವ್ರತ. ಕೋವಿ ಅವರದಲ್ಲ, ಹೆಂಡತಿ ಫಿಲೋಮಿನಾರ ಅಣ್ಣ, ರೈಲ್ವೆಯಿಂದ ನಿವೃತ್ತರಾಗಿ ಅದೇ ಊರಿನ ಹೈರಿಡ್ಜ್‌ನಲ್ಲಿದ್ದ ಪ್ಯಾಸ್ಕಲ್‌ರದು. ಪ್ರತಿ ಕೋವಿಗೂ ಅದರದೇ ನಾಲಿಗೆರುಚಿ ಉಂಟು, ಒಂದಕ್ಕೆ ಹಿಡಿಸಿದ ಮದ್ದಿನ ಅಳತೆ ಇನ್ನೊಂದಕ್ಕೆ ಹಿಡಿಸದೆಂದು ವಲೇರಿಯನ್ ನನಗೆ ಗಂಭೀರವಾಗಿ ತಿಳಿಸಿದ್ದರು.

ಕೀನ್ಯಾದಲ್ಲಿ ಸರ್ಕಾರ ಬೇಟೆ ನಿಷೇಧಿಸಿ ವರ್ಷಗಳಾಗಿದ್ದವು. ಗಡಿಯಾಚೆಯ ತಾಂಜಾನಿಯಾಕ್ಕೆ ಹೋಗಿ ಕೊನೆಯದಾಗಿ ಒಂದು ಸುರುಳಿಕೊಂಬಿನ ಜಿಂಕೆಯನ್ನು ಹೊಡೆಯಬೇಕೆಂಬುದು ಪ್ಯಾಸ್ಕಲ್‌ರ ಆಸೆ. ಮಂಡಿನೋವಿನಿಂದಾಗಿ ಮೃಗದ ಸಮೀಪಕ್ಕೆ ತೆವಳಿ ಹೋಗಲಾರರು, ಬಹುದೂರದಿಂದಲೇ ಹೊಡೆಯಬೇಕು. ಗುರಿ ಜಾರಿ ಮೃಗ ಗಾಯಗೊಂಡು ಓಡಿದರೆ ಹಿಂಬಾಲಿಸುವ ಕಾಲು ಅವರಿಗಿಲ್ಲ. ಅಷ್ಟು ದೂರಕ್ಕೆ ಅಂಗಡಿಯಲ್ಲಿ ಕೊಂಡ ತೋಟೆಯನ್ನು ನಂಬಲಾಗದೆಂದು ವಲೇರಿಯನ್ ತಾವಾಗಿಯೇ ಈ ಹೊಣೆ ಹೊತ್ತರು.

ಅಲ್ಲಿ ಬೇಟೆಯ ಕಾಲ ಶುರುವಾಗುವ ಜುಲೈ ಬಂತೆಂದರೆ ಪ್ಯಾಸ್ಕಲ್ ಬೂಟಿಗೆ ಎಣ್ಣೆ ಹಚ್ಚುವರು. ವಲೇರಿಯನ್ ಊರಾಚೆಯ ಗುರಿಮೈದಾನದಲ್ಲಿ ಹಾರಿಸಿ ನೋಡಿ, ಕಾಗದದ ಮೇಲಿನ ತೂತುಗಳು ಒಂದಕ್ಕೊಂದು ಅಂಟಿಲ್ಲವೆಂದು ಮುಖ ಸಣ್ಣದು ಮಾಡಿಕೊಂಡು ಬರುವರು. ಮದ್ದು ಎಳ್ಳಷ್ಟು ಇಳಿಯಬೇಕು, ಗುಂಡು ಕೂದಲೆಳೆಯಷ್ಟು ಒಳಗೆ ಕೂರಬೇಕು, ಮುಂದಿನ ವರ್ಷ ನೋಡುವ. ಹೀಗೇ ವರ್ಷಗಳು ಉರುಳಿದವು. ಒಮ್ಮೆ ಪ್ಯಾಸ್ಕಲ್ ನನ್ನ ಕಡೆ ತಿರುಗಿ, "ಇವ ಹೊಡೆಸ್ಲಿಕ್ಕೆ ಹೊರಟದ್ದು ಜಿಂಕೆಯನ್ನಾ, ಸೊಳ್ಳೆಯನ್ನಾ? ನೀವೇ ಕೇಳಿ ಮಾರಾಯ್ರೆ" ಎಂದರು. ಎಲ್ಲರೂ ನಕ್ಕೆವು, ವಲೇರಿಯನ್ ನಗಲಿಲ್ಲ.

ಕಡೆಗೊಂದು ದಿನ ಗುಂಡುಗಳೆಲ್ಲ ಒಂದೇ ತೂತಿನೊಳಗೆ ಬಿದ್ದವು. ಆ ಕಾಗದ ಹಿಡಿದು ಹೈರಿಡ್ಜ್‌ಗೆ ಧಾವಿಸಿದಾಗ ಜೊತೆಗೆ ನಾನೂ ಇದ್ದೆ. ಸಕ್ಕರೆ ಕಾಯಿಲೆ ಆ ವೇಳೆಗೆ ಪ್ಯಾಸ್ಕಲ್‌ರ ದೃಷ್ಟಿಯನ್ನು ಬಹುಪಾಲು ಕಿತ್ತುಕೊಂಡಿತ್ತು. ವಲೇರಿಯನ್‌ರಿಗೆ ಅದು ತಿಳಿಯದ್ದೇನಲ್ಲ, ಇನ್ಸುಲಿನ್ ಹೋಗುತ್ತಿದ್ದುದು ಅವರ ಅಂಗಡಿಯಿಂದಲೇ. ಆದರೂ ತೋಟೆ ಸಿದ್ಧವಾಗುವವರೆಗೆ ಕಣ್ಣು ಕಾಯುತ್ತದೆಂದು ಹೇಗೋ ನಂಬಿಬಿಟ್ಟಿದ್ದರು.

ಪ್ಯಾಸ್ಕಲ್ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳಿನಿಂದ ತಡಕಾಡಿ ತೂತನ್ನು ಹುಡುಕಿದರು. ಭಾವ ಭಾವಮೈದುನರ ಮಾತು ಎಂದೂ ಕೊಂಕಣಿಯಲ್ಲೇ. ಅಂದು ನನಗೂ ತಿಳಿಯಲೆಂದೋ ಏನೋ ಕನ್ನಡದಲ್ಲಿ ಹೇಳಿದರು.

"ಚಂದ ಉಂಟು, ವಲೇರಿ. ಗುರಿ ತಪ್ಪಿದ್ರೂ ನಂಗೆ ಬೇಜಾರ್ ಆಗ್ತಿರ್ಲಿಲ್ಲ. ನಿನ್ನ ಜೊತೆ ಒಂದು ಸಲ ಹೋಗ್ಬೇಕಿತ್ತು, ಅಷ್ಟೇ."

ವಲೇರಿಯನ್ ಕಾಗದವನ್ನು ಹಿಂದಕ್ಕೆ ತೆಗೆದುಕೊಂಡು ಅಂಗೈಯಲ್ಲಿ ಒಮ್ಮೆ ಏರಿಳಿಸಿದರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು. ಮುಂದಿನ ಜುಲೈ ಬರುವ ಮೊದಲೇ ಪ್ಯಾಸ್ಕಲ್ ತೀರಿಕೊಂಡರು.

ಪ್ರೀತಿಸಿದವರಿಗೆ ಕುಂದಿಲ್ಲದ್ದನ್ನೇ ಕೊಡಬೇಕೆಂದು ಹಟ ಹಿಡಿಯುವ ಇಂಥ ಸಜ್ಜನರು ಪ್ರತಿ ಕುಟುಂಬದಲ್ಲೂ ಒಬ್ಬರಾದರೂ ಇರುತ್ತಾರೆ. ಅವರ ಶ್ರದ್ಧೆಯಲ್ಲಿ ಕೃತ್ರಿಮವಿಲ್ಲ, ವಾತ್ಸಲ್ಯದಲ್ಲಿ ಕೊರತೆಯಿಲ್ಲ. ಎದುರಿಗಿರುವವರ ಆಯುಸ್ಸು ಮಾತ್ರ ಅವರ ಗಮನಕ್ಕೆ ಬರುವುದಿಲ್ಲ. ಅವರನ್ನು ಬೈಯಲು ನಮಗೆ ಬಾಯಿ ಬಾರದು. ಕ್ಷಮಿಸಬೇಕಾದವರು ಆ ಹೊತ್ತಿಗೆ ಉಳಿದಿರುವುದಿಲ್ಲ.