ಐವತ್ತೆರಡು ಸಾಲು

ಪರೀಕ್ಷೆಗೆ ಹನ್ನೆರಡು ದಿನ ಉಳಿದಿರುವಾಗ ನನ್ನ ತಪ್ಪು ನನಗೆ ತಿಳಿಯಿತು. ತಿಳಿಸಿದವರು ಕಾನಸೂರು ಶಾಲೆಯ ಬಸವರಾಜ ಮಾಸ್ತರರು.

ಮೊಮ್ಮಗಳು ಅಭಿಜ್ಞಾ ಆಗ ಐದನೆಯ ತರಗತಿಯಲ್ಲಿದ್ದಳು. ಸರಕಾರದ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಕೂರುವವಳಿದ್ದಳು. ಅದನ್ನು ಒಂದೇ ಸಲ ಬರೆಯಬಹುದು. ತಪ್ಪಿದರೆ ಮತ್ತೆ ಅವಕಾಶವಿಲ್ಲ. ಅರ್ಜಿಗೆ ಸಹಿ ಹಾಕಿದವನು ನನ್ನ ಮಗ ಶಶಾಂಕ. ಸಹಿ ಹಾಕಿದ ಹತ್ತನೆಯ ದಿನ, ಎರಡು ಸಾವಿರದ ಒಂದನೆಯ ಇಸವಿಯ ಕಾರ್ತೀಕದಲ್ಲಿ, ಜ್ವರ ಬಂದು ತೀರಿಕೊಂಡ. ಸೊಸೆ ಜಯಾ ಆ ಅರ್ಜಿಯ ನಕಲನ್ನು ದೇವರ ಗೂಡಿನಲ್ಲಿ ಇಟ್ಟಳು. "ಮಾವ, ಇದೊಂದು ಆಗವು," ಎಂದು, ಆಗಲೇಬೇಕು ಎಂಬ ಹಾಗೆ, ಒಮ್ಮೆ ಹೇಳಿದಳು. ಮತ್ತೆ ಹೇಳಲಿಲ್ಲ.

ಗಣಿತವನ್ನು ಮಾಸ್ತರರು ನೋಡಿಕೊಂಡರು. ಭಾಷೆಯನ್ನು ನಾನು ವಹಿಸಿಕೊಂಡೆ. ಒಂದು ಕ್ರಿಯಾಪದ ಕೊಟ್ಟು, ಅದೇ ಅರ್ಥದ ಇನ್ನೊಂದನ್ನು ನಾಲ್ಕರಲ್ಲಿ ಗುರುತಿಸು ಎಂದು ಕೇಳುತ್ತಾರೆ, ಅಂಥ ಪ್ರಶ್ನೆಗಳು ಹತ್ತು. ನಾನು ವೇದಪಾಠಶಾಲೆಯಲ್ಲಿ ಕಲಿತದ್ದು ಒಂದೇ ಕ್ರಮ. ಗುರುಗಳು ಒಮ್ಮೆ ಹೇಳಬೇಕು, ಶಿಷ್ಯರು ಎರಡು ಸಲ ಹೇಳಬೇಕು, ಸ್ವರ ತಪ್ಪಬಾರದು. ಹಾಗೆಯೇ ಐವತ್ತೆರಡು ಸಾಲು ಕಟ್ಟಿಕೊಟ್ಟೆ. ನೋಡು, ಕಾಣು, ವೀಕ್ಷಿಸು, ಅವಲೋಕಿಸು. ಹೇಳು, ನುಡಿ, ಅರುಹು, ಉಸುರು. ಬೆಳಿಗ್ಗೆ ಪೂಜೆಯಾದ ಮೇಲೆ ಒಂದು ಗಂಟೆ, ಸಂಜೆ ದೀಪ ಹಚ್ಚಿದ ಮೇಲೆ ಒಂದು ಗಂಟೆ. ಅವಳ ದನಿ ಅಂಗಳದವರೆಗೆ ಕೇಳುತ್ತಿತ್ತು. ಶಶಾಂಕ ಹೋದ ಮೇಲೆ ನಮ್ಮಲ್ಲಿ ಯಾರೂ ಗಟ್ಟಿಯಾಗಿ ಮಾತನಾಡುತ್ತಿರಲಿಲ್ಲ. ಅವಳಿಗೆ ಸಾಲು ಬಂದಾಗಿದ್ದರೂ ನಾನು ಇನ್ನೊಮ್ಮೆ ಹೇಳು, ಇನ್ನೊಮ್ಮೆ ಹೇಳು ಎನ್ನುತ್ತಿದ್ದೆ.

ಆ ದಿನ ಮಾಸ್ತರರು ಮಾದರಿ ಪ್ರಶ್ನೆಪತ್ರಿಕೆ ಹಿಡಿದು ಮನೆಗೆ ಬಂದರು. ಅಭಿಜ್ಞಾ ಕಾಗದ ಮುಂದಿಟ್ಟುಕೊಂಡು, ಮೊದಲ ಸಾಲಿನಿಂದ ರಾಗವಾಗಿ ಹೇಳತೊಡಗಿದಳು. ಬೇಕಾದ ಪದ ಬಂದಾಗ ನಿಲ್ಲಿಸಿ ಗುರುತು ಹಾಕಿದಳು. ಮುಂದಿನ ಪ್ರಶ್ನೆಗೆ ಮತ್ತೆ ಮೊದಲಿನಿಂದ ಹಿಡಿದಳು.

"ಬಾಯಿ ಮುಚ್ಚಿ ಬರಿ, ತಂಗಿ," ಎಂದರು ಮಾಸ್ತರರು.

ಅವಳು ಬಾಯಿ ಮುಚ್ಚಿದಳು. ಪೆನ್ನು ಓಡಲಿಲ್ಲ. ಸ್ವಲ್ಪ ಹೊತ್ತಿಗೆ ಕಣ್ಣಲ್ಲಿ ನೀರು ಬಂತು. "ಎಂಗೆ ಬಾಯಲ್ಲಿ ಹೇಳ್ದೇ ಇದ್ರೆ ನೆನಪಾಗ್ತಿಲ್ಲೆ, ಅಜ್ಜ."

ಮಾಸ್ತರರು ಹಾವೇರಿ ಕಡೆಯವರು, ಮಾತು ನೇರ. "ನಾಗಪತಿ ಭಟ್ರ, ಹುಡುಗಿಗೆ ಎಲ್ಲಾ ಬರ್ತೈತ್ರಿ. ಆದ್ರ ಹಿಂಗ ಓದಿದ್ರ ಇಡೀ ಖೋಲಿ ಪಾಸಾಗ್ತೈತಿ, ಇಕಿ ಒಬ್ಬಾಕಿನ್ನ ಎಬ್ಬಿಸಿ ಹೊರಗ ಕಳಸ್ತಾರ."

ಅವರು ಹೋದ ಮೇಲೆ ನಾನು ಬಹಳ ಹೊತ್ತು ಜಗಲಿಯಲ್ಲೇ ಕುಳಿತೆ. ಕಲಿಸಿದ್ದು ಮಗುವಿಗಾಗಿಯೋ, ನನ್ನ ಕಿವಿಗಾಗಿಯೋ?

ಮರುದಿನ ಬಾಯಲ್ಲಿ ನೀರು ತುಂಬಿಕೊಂಡು ಬರೆ ಎಂದೆ. ಅವಳು ನನ್ನ ಮುಖ ನೋಡಿ ನಕ್ಕಳು, ಕಾಗದವೆಲ್ಲ ಒದ್ದೆಯಾಯಿತು. ಜಯಾ ಒಳಗಿನಿಂದ ಹೇಳಿದಳು: "ಮಾವ, ಇನ್ನು ಹನ್ನೊಂದೇ ದಿನ ಇದ್ದು. ಅಷ್ಟ್ರೊಳಗೆ ಕೂಸಿಗೆ ಶೀತ ಮಾಡಿಸಡಿ."

ಬೇರೆ ದಾರಿ ತೋರದೆ, ನನಗೆ ಗೊತ್ತಿದ್ದುದನ್ನೇ ಹಿಡಿದೆ. ಜಪದಲ್ಲಿ ಮೂರು ಬಗೆ. ಗಟ್ಟಿಯಾಗಿ ಹೇಳುವುದು ವಾಚಿಕ. ದನಿಯಿಲ್ಲದೆ ತುಟಿ ಮಾತ್ರ ಅಲುಗುವುದು ಉಪಾಂಶು. ತುಟಿಯೂ ಅಲುಗದೆ ಮನಸ್ಸಿನಲ್ಲೇ ನಡೆಯುವುದು ಮಾನಸ. ಮೂರನೆಯದು ನನಗೆ ಕೂಡಿಬರಲು ಹದಿನೈದು ವರ್ಷ ಹಿಡಿದಿತ್ತು. ಅವಳಿಗಿದ್ದದ್ದು ಹತ್ತು ದಿನ.

ಎದುರುಬದುರು ಮಣೆ ಹಾಕಿ ಕುಳಿತೆವು. ಮೊದಲು ಪಿಸುಮಾತು, ಆಮೇಲೆ ಬರೀ ತುಟಿ. ನಾನು ಅವಳ ತುಟಿ ನೋಡುತ್ತ ಜೊತೆಗೇ ಸಾಲು ನಡೆಸುತ್ತಿದ್ದೆ. ಆರನೆಯ ದಿನ ತುಟಿಯೂ ನಿಂತಿತು. ಆಗ ಇನ್ನೊಂದು ಚಿಂತೆ ಹಿಡಿಯಿತು. ಒಳಗೆ ಸಾಲು ನಡೆಯುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ?

"ಈಗ ಎಲ್ಲಿದ್ದೆ, ಕೂಸೇ?"

"ಹದಿನಾಲ್ಕು. ಕೊಡು, ನೀಡು."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದೆ. "ಈಗ?"

"ದೋಸೆ ಹತ್ರ," ಎಂದಳು. "ಅಜ್ಜ, ನೀನು ಹೀಂಗೆ ಕೇಳ್ತಾ ಇದ್ರೆ ತಪ್ಪಿ ಹೋಗ್ತು."

ಕೇಳುವುದನ್ನು ಬಿಟ್ಟೆ. ಮನೆ ಮೊದಲಿನಂತೆ ನಿಶ್ಶಬ್ದವಾಯಿತು. ಜಯಾ ಪಾತ್ರೆಯನ್ನೂ ಸದ್ದಾಗದಂತೆ ಇಡುತ್ತಿದ್ದಳು.

ಫೆಬ್ರವರಿಯ ಒಂದು ಭಾನುವಾರ ಸಿದ್ದಾಪುರದಲ್ಲಿ ಪರೀಕ್ಷೆ. ಮೊದಲ ಬಸ್ಸಿಗೇ ಹೋದೆವು. ಅವಳಿಗೆ ಕಿಟಕಿಯ ಪಕ್ಕದ ಬೆಂಚು ಸಿಕ್ಕಿತು. ಪಾಲಕರೆಲ್ಲ ಅಂಗಳದ ಮರದ ಕೆಳಗೆ ನಿಂತರು. ನನ್ನ ಶಾಲು, ಜಪಮಾಲೆ ನೋಡಿ ಶಾಲೆಯ ಜವಾನ, "ಭಟ್ರೇ, ಇಲ್ಲೇ ನೆರಳಲ್ಲಿ ಕೂತು ಜಪ ಮಾಡ್ಕೊಳ್ಳಿ," ಎಂದು ಆ ಕಿಟಕಿಯ ಹತ್ತಿರದ ಕಟ್ಟೆ ತೋರಿಸಿದ. ಅಲ್ಲಿ ಕುಳಿತೆ.

ಗಂಟೆ ಹೊಡೆಯಿತು. ಅವಳು ತಲೆ ತಗ್ಗಿಸಿ ಬರೆಯುತ್ತಿದ್ದಳು, ತುಟಿ ಅಲುಗುತ್ತಿರಲಿಲ್ಲ. ಮುಕ್ಕಾಲು ಗಂಟೆ ಹೀಗೆ ಕಳೆಯಿತು. ಆಮೇಲೆ ಪೆನ್ನು ಕೆಳಗಿಟ್ಟಳು. ಸ್ವಲ್ಪ ಹೊತ್ತು ಎತ್ತಲೇ ಇಲ್ಲ. ಕಿಟಕಿಯಿಂದ ನನ್ನ ಕಡೆ ನೋಡಿದಳು.

ಸಾಲು ತಪ್ಪಿದೆ ಎಂದು ನನಗೆ ಗೊತ್ತಾಯಿತು. ಒಂದು ತುದಿ ಸಿಕ್ಕಿದರೆ ಉಳಿದದ್ದು ತಾನಾಗಿ ಬರುತ್ತದೆ. ನಾನು ಐವತ್ತೆರಡು ಸಾಲನ್ನೂ ಮಂತ್ರದ ಸ್ವರದಲ್ಲಿ ಹೇಳಿದರೆ, ಮುದುಕ ಭಟ್ಟ ಜಪ ಮಾಡುತ್ತಿದ್ದಾನೆಂದು ಎಲ್ಲರೂ ಸುಮ್ಮನಿರುತ್ತಾರೆ. ಜವಾನನೇ ಮಾಡು ಎಂದಿದ್ದಾನೆ. ಗೂಡಿನಲ್ಲಿದ್ದ ಅರ್ಜಿ ಕಣ್ಣೆದುರು ಬಂತು. ಶಶಾಂಕನ ಸಹಿ ಬಂತು. ಮರದ ಕೆಳಗೆ ನಿಂತವರನ್ನು ನೋಡಿದೆ. ಒಬ್ಬ ಹೆಂಗಸು ಮಗುವಿನ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಗಂಟಲವರೆಗೆ ಬಂದ ದನಿಯನ್ನು ನುಂಗಿದೆ. ದೇವರೇ, ನೀನೇ ನೋಡಿಕೊ ಎಂದುಕೊಂಡೆ.

ಅಭಿಜ್ಞಾ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಮತ್ತೆ ಈ ಕಡೆ ನೋಡಲಿಲ್ಲ.

ಹೊರಗೆ ಬಂದವಳನ್ನು ಏನೂ ಕೇಳಬಾರದೆಂದಿದ್ದೆ. ಬಸ್‌ಸ್ಟ್ಯಾಂಡ್ ತಲುಪುವಷ್ಟರಲ್ಲಿ ಅವಳೇ ಕೇಳಿದಳು.

"ಅಜ್ಜ, ನೀನು ಎಂತಕ್ಕೆ ತುಟಿ ಅಲ್ಲಾಡಿಸ್ತಾ ಇದ್ದಿದ್ದೆ?"

"ಆನು ಎಂತೂ ಹೇಳಿದ್ನಿಲ್ಲೆ," ಎಂದೆ.

"ಬಾಯಲ್ಲಿ ಹೇಳಿದ್ದಿಲ್ಲೆ. ತುಟಿ ಅಲ್ಲಾಡ್ತಾ ಇತ್ತು. ನೋಡಿದ್ರೆ ಎಂಗೆ ಯಾವ ಸಾಲು ಹೇಳಿ ಗೊತ್ತಾಗ್ತು. ಅದು ಕಾಪಿ ಆಗ್ತಲ, ಅದಕ್ಕೇ ಆನು ಗೋಡೆ ಬದಿಗೆ ತಿರುಗಿದಿ."

ನಾನು ನಿಂತುಬಿಟ್ಟೆ. ದನಿಯನ್ನು ತಡೆದಿದ್ದೆ, ತುಟಿ ನನ್ನ ಮಾತು ಕೇಳಿರಲಿಲ್ಲ.

"ಆಮೇಲೆ ನೆನಪಾತ?"

"ಇಲ್ಲೆ. ಅದೊಂದು ಬಿಟ್ಟಿಕ್ಕಿ ಬಂದೆ. ಒಂಬತ್ತು ಬರದ್ದಿ."

ಬಸ್ಸಿನಲ್ಲಿ ಅವಳು ನನ್ನ ತೋಳಿಗೆ ಒರಗಿ ನಿದ್ದೆ ಹೋದಳು. ಆ ಬಿಟ್ಟುಹೋದ ಒಂದು ಪ್ರಶ್ನೆ ಮೂರು ತಿಂಗಳು ನನ್ನನ್ನು ಬಿಡಲಿಲ್ಲ. ತುಟಿಯ ಸಂಗತಿಯನ್ನು ತಿಳಿಸಿ, ಸೀಟು ತಪ್ಪಿದರೆ ಅದು ನನ್ನಿಂದಲೇ ಎಂದು ಜಯಾಳಿಗೂ ಹೇಳಿದೆ. ಅವಳು, "ಕೂಸು ತಿರುಗಿ ಕೂತ್ಕಂಡಿದ್ದು ಒಳ್ಳೇದಾತು, ಮಾವ," ಎಂದಳು.

ಮೇ ತಿಂಗಳ ಕೊನೆಗೆ ಪತ್ರ ಬಂತು. ಆಯ್ಕೆಯಾದವರ ಪಟ್ಟಿಯಲ್ಲಿ ಅವಳದು ಕೊನೆಯಿಂದ ಎರಡನೆಯ ಹೆಸರು. ಜಯಾ ಅದನ್ನು ಎರಡು ಸಲ ಓದಿದಳು. ಮಗುವಿನ ಬಟ್ಟೆಗಳ ಮೇಲೆ ನಂಬರು ಹೊಲಿದಿರಬೇಕೆಂದು ಶಾಲೆಯವರು ಬರೆದಿದ್ದರು. ಅಂದೇ ಕೆಂಪು ದಾರ ತೆಗೆದುಕೊಂಡು ಕುಳಿತಳು. ನಾನು ಸೂಜಿಗೆ ದಾರ ಪೋಣಿಸಿಕೊಡಲು ಹೋದೆ, ಕಣ್ಣಿಗೆ ಕಾಣಲಿಲ್ಲ. ಅಭಿಜ್ಞಾ ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಪೋಣಿಸಿ ತಾಯಿಗೆ ಕೊಟ್ಟಳು.